ಬೋರ್ಡಿಗೆ ಬೆನ್ನು

ಜೂನ್ 3

ಮಾವನಿಗೆ,

ನಿಮ್ಮ ಮಂಡಿನೋವು ಹೇಗಿದೆ? ದೊಡ್ಡಮ್ಮ ಇನ್ನೂ ತಮ್ಮನ ಹೆಗಲ ಮೇಲಿಂದ ಬಗ್ಗಿ ನನ್ನ ಕಾಗದ ಓದುತ್ತಾಳೆಯೇ? ದೊಡ್ಡಮ್ಮಾ, ಇದರಲ್ಲಿ ನಿನ್ನ ಸುದ್ದಿ ಏನೂ ಇಲ್ಲ, ಹೋಗಿ ಕೂತುಕೋ.

ಡಿಪೋದಲ್ಲಿ ಎಲ್ಲ ಎಂದಿನಂತೆಯೇ ಇದೆ. ನೀವು ನಿವೃತ್ತರಾಗುವಾಗ ಬಿಟ್ಟುಹೋದ 41ನೇ ನಂಬರಿನ ತಗಡಿನ ಬಿಲ್ಲೆ ನನ್ನ ಹತ್ತಿರವೇ ಇದೆ. ಅದನ್ನು ಸ್ಟೀರಿಂಗಿಗೆ ನೇತುಹಾಕದೆ ಒಂದು ದಿನವೂ ಬಸ್ಸಿನ ಕೆಳಗಿನ ಗುಂಡಿಗೆ ಇಳಿದಿಲ್ಲ. ಬಿಲ್ಲೆ ನೇತಾಡುವ ಬಸ್ಸನ್ನು ಯಾರಪ್ಪನ ಮಗನೂ ಚಾಲೂ ಮಾಡಬಾರದು, ಕೆಳಗೊಂದು ಜೀವ ಇದೆ ಅಂತ ಅರ್ಥ ಎಂದು ಮೊದಲ ದಿನವೇ ತಲೆಗೆ ಮೊಟಕಿ ಹೇಳಿದ್ದಿರಿ. ಆಗ ಎಲ್ಲರ ಕಣ್ಣಿಗೂ ನಾನು ಹದಿನೆಂಟರ ಹುಡುಗ. ಈಗ ಅದೇ ಗುಂಡಿಗೆ ಹೆಂಗಸಾಗಿ ಇಳಿಯುತ್ತಿದ್ದೇನೆ. ನನ್ನ ದಾಖಲೆಗಳು ಬದಲಾಗಿ ಮುಂದಿನ ತಿಂಗಳಿಗೆ ಎರಡು ವರ್ಷ. ಸಾಕ್ಷಿ ಸಹಿ ಹಾಕಲು ಅಷ್ಟು ದೂರದಿಂದ ಬಂದವರು ನೀವು, ಗುಮಾಸ್ತರ ಪೆನ್ನು ಸರಿಯಿಲ್ಲ ಎಂದು ಅವರ ಜೊತೆ ಜಗಳ ತೆಗೆದಿದ್ದಿರಿ.

ಗೇಟಿನ ಹತ್ತಿರ ಹೊಸ ನೋಟಿಸು ಅಂಟಿಸಿದ್ದಾರೆ. ನನ್ನಂಥವರನ್ನು ಕೆಲಸದ ಜಾಗದಲ್ಲಿ ಬೇರೆ ಮಾಡಿ ನೋಡಬಾರದು ಎಂದು ಕಾನೂನು ಬಂದಿದೆಯಲ್ಲ, ಅದರ ನೋಟಿಸು. ಕೆಲಸದಿಂದ ತೆಗೆಯುವುದು ಅಪರಾಧ, ಬಡ್ತಿ ತಪ್ಪಿಸುವುದು ಅಪರಾಧ, ಅವಮಾನಿಸುವ ಮಾತೂ ಬರಹವೂ ಅಪರಾಧ. ದೂರು ಬಂದರೆ ವಿಚಾರಣೆ, ಅಮಾನತು. ಮ್ಯಾನೇಜರು ಊಟದ ಕೋಣೆಗೆ ಬಂದು ಹೆಸರಿಲ್ಲದೆ ಯಾರು ಬೇಕಾದರೂ ಬರೆಯುವ ನಿಮ್ಮ ಕರಿ ಬೋರ್ಡನ್ನು ಮೇಲಿಂದ ಕೆಳಗೆ ನೋಡಿ, "ಇದನ್ನ ಕಿತ್ತು ಹಾಕೋದೇ ವಾಸಿ. ಯಾವನೋ ಗೀಚ್ತಾನೆ, ಕೋರ್ಟಿಗೆ ಅಲೆಯೋನು ನಾನು" ಎಂದರು. ಎಲ್ಲರೂ ಗೊಣಗಿದರು.

ಇತ್ತೀಚೆಗೆ ಅದರ ಮೇಲೆ ಯಾರೋ ಯಾರ ಬಗ್ಗೆಯೋ ಏನೋ ಬರೆದರಂತೆ. ನಾನು ಸರಿಯಾಗಿ ನೋಡಲಿಲ್ಲ. ಸುಮ್ಮನೆ ಕೇಳುತ್ತೇನೆ ಮಾವ, ನಿಮ್ಮ ಕಾಲದಲ್ಲಿ ಬೋರ್ಡಿನ ಮೇಲೆ ಯಾರಾದರೂ ಇನ್ನೊಬ್ಬರಿಗೆ ಹೆದರಿಕೆಯಾಗುವಂಥದ್ದು ಬರೆದರೆ ಏನು ಮಾಡುತ್ತಿದ್ದಿರಿ?

ಪೇಂಟರ್ ನಿಮ್ಮನ್ನು ಕೇಳಿದ ಎಂದು ಹೇಳಲು ಹೇಳಿದ. ನಾನು ಗುಂಡಿಯಲ್ಲಿರುವಾಗ ಅವನು ಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾನೆ. ಸಿಪ್ಪೆಯೆಲ್ಲ ನನ್ನ ತಲೆ ಮೇಲೆ. ಸಂಜೆ ನಿಲ್ದಾಣದವರೆಗೂ ಜೊತೆಗೆ ಬರುತ್ತಾನೆ. ಏಕೆ ಎಂದು ನಾನೂ ಕೇಳಿಲ್ಲ, ಅವನೂ ಹೇಳಿಲ್ಲ.

ನಿಮ್ಮ ಗುಬ್ಬಿ


ಜೂನ್ 10

ಗುಬ್ಬೀ,

ನಿನ್ನ ಕಾಗದ ಓದಿ ಮಂಡಿನೋವು ಮರೆತೇಹೋಯಿತು, ಅಷ್ಟು ಸಿಟ್ಟು ಬಂತು. ಬೋರ್ಡು ಕೀಳುತ್ತಾನಂತೆ. ಅವನ ತಾತ ಬಂದರೂ ಆಗುವುದಿಲ್ಲ.

ಆ ಬೋರ್ಡು ಹೇಗೆ ಬಂತು ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೋ, ಇನ್ನೊಂದು ಸಲ ಕೇಳು. ಮೂವತ್ತು ವರ್ಷದ ಹಿಂದೆ ಒಬ್ಬ ಡ್ರೈವರು, ಈ ಬಸ್ಸಿನ ಬ್ರೇಕು ಹಿಡಿಯುತ್ತಿಲ್ಲ ಎಂದು ಎಲ್ಲರ ಎದುರಿಗೆ ಹೇಳಿದ. ಸಂಸ್ಥೆಯ ಹೆಸರು ಕೆಡಿಸಿದ ಎಂದು ಅವನನ್ನು ಅಮಾನತು ಮಾಡಿದರು. ಎಂಟನೇ ದಿನಕ್ಕೆ ಅದೇ ಬಸ್ಸು ಇಳಿಜಾರಿನಲ್ಲಿ ನಿಲ್ಲಲಿಲ್ಲ. ಒಳಗೆ ಹನ್ನೊಂದು ಜನ ಇದ್ದರು. ನಾವು ಸ್ಪ್ಯಾನರ್ ಕೆಳಗಿಟ್ಟು ಹೊರಗೆ ಕೂತೆವು, ಹದಿನಾರು ದಿನ. ಎದ್ದಾಗ ಕೈಯಲ್ಲಿದ್ದದ್ದು ಒಂದು ಕರಿ ಹಲಗೆ, ಮೂರು ನಿಯಮ. ಬರೆದವರ ಹೆಸರು ಕೇಳಬಾರದು. ಶನಿವಾರ ಸಂಜೆಯವರೆಗೆ ಒಂದಕ್ಷರವನ್ನೂ ಒರೆಸಬಾರದು. ನಿವೃತ್ತರಾದವರು ಕಾರ್ಡು ಬರೆದು ಕಳಿಸಿದರೆ, ಆ ವಾರ ಸೀಮೆಸುಣ್ಣ ಯಾರ ಕೈಯಲ್ಲಿದೆಯೋ ಅವರು ಅದನ್ನು ಬಂದದ್ದು ಬಂದ ಹಾಗೆ ಬರೆದು, ಕಾರ್ಡನ್ನು ಒಲೆಗೆ ಹಾಕಬೇಕು. ಯಾರದು ಎಂದು ಸತ್ತರೂ ಬಾಯಿ ಬಿಡಬಾರದು.

ಹೆದರಿಕೆಯ ಬರಹದ ವಿಷಯ ಕೇಳಿದ್ದೀಯ. ನನ್ನ ಮೇಲೂ ಬರೆದಿದ್ದರು ಕಣೇ, ಎರಡು ಸಾಲಿನ ಪದ್ಯ, ನನ್ನ ಬೋಳುತಲೆಯನ್ನು ಹೆಡ್‌ಲೈಟಿಗೆ ಹೋಲಿಸಿ. ಮಾರನೇ ದಿನ ಅದರ ಕೆಳಗೆ ನಾನೇ ಮೂರು ಸಾಲು ಬರೆದೆ. ಸೀಮೆಸುಣ್ಣಕ್ಕೆ ಸೀಮೆಸುಣ್ಣವೇ ಮದ್ದು.

ಕಾನೂನಿನ ಮಾತು. ನಿನ್ನನ್ನು ಕೆಲಸದಿಂದ ತೆಗೆಯಬಾರದು ಎನ್ನುವ ಅರ್ಧಕ್ಕೆ ನಾನು ಎರಡೂ ಕೈ ಎತ್ತುತ್ತೇನೆ. ಮಾತಾಡಿದರೆ ಶಿಕ್ಷೆ ಎನ್ನುವ ಇನ್ನರ್ಧ ನನಗೆ ಒಗ್ಗುವುದಿಲ್ಲ. ನಿನ್ನ ಹೆಸರು ಹೇಳಿಕೊಂಡು ಮ್ಯಾನೇಜರು ತನ್ನ ಹಳೆಯ ಸೇಡು ತೀರಿಸಿಕೊಳ್ಳುತ್ತಿದ್ದಾನೆ, ಅಷ್ಟೇ. ನಾಳೆ ಬ್ರೇಕು ಸರಿಯಿಲ್ಲ ಎಂದರೂ ಯಾರಿಗೋ ಅವಮಾನವಾಯಿತು ಎನ್ನುತ್ತಾನೆ. ನಾನು ಕೈಕಟ್ಟಿ ಕೂರುವವನಲ್ಲ, ನೋಡುತ್ತಿರು.

ದೊಡ್ಡಮ್ಮ ಕೇಳುತ್ತಿದ್ದಾಳೆ, "ಗುಬ್ಬಿ ಸೊರಗಿದ್ದಾಳೇನೋ, ಅಕ್ಷರ ಯಾಕೋ ಸಣ್ಣಗಿದೆ" ಅಂತ. ಅವಳಿಗೆ ಕನ್ನಡಕ ಬದಲಿಸಬೇಕು.

ಮಾವ


ಜೂನ್ 24

ಮಾವ,

ಹೋದ ಕಾಗದದಲ್ಲಿ ನಿಮಗೆ ಸುಳ್ಳು ಹೇಳಿದೆ. ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ನನ್ನ ಬಗ್ಗೆ. ಏಪ್ರಿಲ್‌ನಿಂದಲೇ. ನಿಮ್ಮ ಬೋರ್ಡಿನ ಮೇಲೆ ದೂರು ಹೇಳಿದಂತಾಗುತ್ತದೆ ಎಂದು ಹೇಳಲಿಲ್ಲ. ನೀವು ಕೊಡಿಸಿದ ಕೆಲಸ ಇದು, ನಿಭಾಯಿಸಲಾರದವಳು ಎನಿಸಿಕೊಳ್ಳಲೂ ಇಷ್ಟವಿರಲಿಲ್ಲ.

ಮೊದಲು, 41 ಯಾವ ಕೋಣೆಯಲ್ಲಿ ಬಟ್ಟೆ ಬದಲಿಸುತ್ತೆ ಎಂದು ಹೇಳಿದವರಿಗೆ ಒಂದು ಟೀ ಎಂದು ಬರೆದರು. ನಾನೂ ನಕ್ಕೆ. ನೀವು ಹೇಳುವ ಮೊದಲೇ ಕೆಳಗೆ ಉತ್ತರವನ್ನೂ ಬರೆದೆ, ಟೀ ಬೇಡ ಕಾಫಿ ಆದರೆ ಹೇಳುತ್ತೇನೆ ಎಂದು. ಆಮೇಲೆ, 41 ಸಂಜೆ ಯಾವ ದಾರಿಯಲ್ಲಿ ಹೋಗುತ್ತೆ ನಮಗೆ ಗೊತ್ತು ಎಂದು ಬಂತು. ಆಮೇಲೆ, ಗುಂಡಿಗೆ ಇಳಿಯೋದು ಸುಲಭ, ಹತ್ತೋದು ಕಷ್ಟ ಎಂದು. ಅವೆಲ್ಲ ಎಡಗೈಯಲ್ಲಿ ಬರೆದಂಥ ಸೊಟ್ಟ ಅಕ್ಷರ, ಯಾರದೆಂದು ಗೊತ್ತಾಗುವುದಿಲ್ಲ. ಇದಕ್ಕೆ ಏನು ಉತ್ತರ ಬರೆಯಲಿ?

ಜೂನ್ ಹನ್ನೆರಡರಂದು ಗುಂಡಿಯಲ್ಲಿದ್ದೆ. ಪೇಂಟರ್ ಬಣ್ಣ ತರಲು ಸ್ಟೋರಿಗೆ ಹೋಗಿದ್ದ. ಮೇಲೆ ಬಂದು ನೋಡಿದರೆ ಸ್ಟೀರಿಂಗಿನಲ್ಲಿ ನನ್ನ ಬಿಲ್ಲೆ ಇಲ್ಲ. ಹುಡುಕಿದೆ. ಊಟದ ಕೋಣೆಯಲ್ಲಿ ಬೋರ್ಡಿನ ಮೊಳೆಗೆ ನೇತುಹಾಕಿದ್ದರು. ಎಷ್ಟು ಹೊತ್ತು ನಾನು ಬಿಲ್ಲೆಯಿಲ್ಲದ ಬಸ್ಸಿನ ಕೆಳಗಿದ್ದೆನೋ ಗೊತ್ತಿಲ್ಲ. ಅವತ್ತಿನಿಂದ ನಟ್ಟು ಬಿಗಿಯುವಾಗ ಮೇಲೆ ಯಾರಾದರೂ ಕೆಮ್ಮಿದರೂ ಸ್ಪ್ಯಾನರ್ ಬಿಟ್ಟು ಹತ್ತಿ ಬರುತ್ತೇನೆ. ದೊಡ್ಡಮ್ಮನಿಗೆ ಕನ್ನಡಕ ಬದಲಿಸಬೇಡಿ, ಅವಳ ಕಣ್ಣು ಸರಿಯಾಗಿಯೇ ಇದೆ.

ಅದಾದ ಮೇಲಿನ ಸೋಮವಾರ ಒಂದು ಹೊಸ ಸಾಲು ಬಂತು. ಇದು ಉಳಿದವುಗಳ ಹಾಗಲ್ಲ. ನೋಡಿಕೊಂಡು ಬರೆಯುತ್ತೇನೆ. "ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೇ ಈ ಕಾನೂನು. ಇಂದು ಒಬ್ಬರ ಮನಸ್ಸು ನೊಂದಿತೆಂದು ಒರೆಸಿದರೆ ನಾಳೆ ಮ್ಯಾನೇಜರನ ಮನಸ್ಸೂ ನೋಯುತ್ತದೆ. ಮನಸ್ಸು ನೊಂದವರು ಬೋರ್ಡಿಗೆ ಬೆನ್ನು ಹಾಕಿ ಕೂರಲಿ."

ಮಾವ, ಏಪ್ರಿಲ್‌ನಿಂದ ನಾನು ಊಟಕ್ಕೆ ಬೋರ್ಡಿಗೆ ಬೆನ್ನು ಹಾಕಿಯೇ ಕೂರುತ್ತಿದ್ದೇನೆ. ಯಾರೋ ಅದನ್ನು ಗಮನಿಸಿದ್ದಾರೆ. ನಾನು ತಿನ್ನುವುದನ್ನು, ನಾನು ಎತ್ತ ತಿರುಗಿ ಕೂತಿದ್ದೇನೆ ಎನ್ನುವುದನ್ನು ನೋಡುತ್ತಾ ಕೂತಿದ್ದಾರೆ. ಆ ಸಾಲು ಎಲ್ಲರಿಗೂ ಎಷ್ಟು ಹಿಡಿಸಿತೆಂದರೆ, ಮಾರನೇ ದಿನ ಬೆಂಚುಗಳನ್ನೆಲ್ಲ ಬೋರ್ಡಿನ ಕಡೆ ತಿರುಗಿಸಿ, ಒಂದನ್ನು ಮಾತ್ರ ಗೋಡೆ ಕಡೆ ಮಾಡಿ, ಅದರ ಮೇಲೆ "ನೊಂದವರ ಜಾಗ" ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರು. ಮೂವತ್ತು ಜನ ನಗುತ್ತಿದ್ದರು. ಬೇರೆ ಬೆಂಚಿನಲ್ಲಿ ಯಾರೂ ಸರಿದು ಜಾಗ ಕೊಡಲಿಲ್ಲ. ನಾನು ಹೋಗಿ ಅಲ್ಲೇ ಕೂತೆ.

ನೀವೂ ಕಾನೂನಿನ ಬಗ್ಗೆ ಇಂಥದ್ದೇ ಹೇಳುತ್ತೀರಿ. ಆದರೆ ನೀವು ಹೇಳಿದರೆ ಬೈದ ಹಾಗಿರುತ್ತದೆ, ಇದರಲ್ಲಿ ವಿಷ ಇದೆ. ಸೊಟ್ಟ ಅಕ್ಷರದವರು ದಡ್ಡರು. ಇದನ್ನು ಬರೆದವನು ಬುದ್ಧಿವಂತ. ನನಗೆ ಎಲ್ಲರಿಗಿಂತ ಹೆಚ್ಚು ಹೆದರಿಕೆ ಅವನದೇ.

ಇನ್ನೂ ಒಂದು ಇದೆ. ಆ ಅಕ್ಷರ ಗುಂಡಗೆ ಮುದ್ದಾಗಿದೆ, ಬಸ್ಸುಗಳ ಮೇಲೆ ಊರಿನ ಹೆಸರು ಬರೆಯುವ ಅಕ್ಷರ. ಪೇಂಟರನದು. ಆ ವಾರ ಸೀಮೆಸುಣ್ಣ ಅವನ ಕೈಯಲ್ಲಿತ್ತು. ಕೇಳಿದೆ. "ನನ್ನ ಮಾತಲ್ಲ ಅದು. ರೂಲು ಗೊತ್ತಲ್ಲ ನಿಂಗೆ" ಎಂದ, ಅಷ್ಟೇ. ನಾನು ಅವನ ಜೊತೆ ಮಾತು ಬಿಟ್ಟಿದ್ದೇನೆ. ನಿಲ್ದಾಣಕ್ಕೆ ಒಬ್ಬಳೇ ಹೋಗುತ್ತೇನೆ, ಹದಿನಾರು ಎಂಎಂ ಸ್ಪ್ಯಾನರ್ ಕೈಚೀಲದಲ್ಲಿಟ್ಟುಕೊಂಡು.

ನಿನ್ನೆ ದೂರು ಕೊಟ್ಟೆ. ನಾಲ್ಕೂ ಸಾಲು, ಬಿಲ್ಲೆಯ ವಿಷಯ, ಎಲ್ಲ. ನಿಮ್ಮ ಬೋರ್ಡಿನ ವಿರುದ್ಧ ಹೋದೆ ಎಂದು ಸಿಟ್ಟಾಗಬೇಡಿ. ಬೇಗ ಬರೆಯಿರಿ.

ಗುಬ್ಬಿ


ಜುಲೈ 1

ಗುಬ್ಬೀ,

ನಿನ್ನ ಕಾಗದ ಬಂತು. ಏನು ಬರೆಯಬೇಕೋ ತೋಚುತ್ತಿಲ್ಲ.

ಬಿಲ್ಲೆಯನ್ನು ತಂತಿ ಹಾಕಿ ಬಿಗಿದು ಕಟ್ಟು, ಬಿಚ್ಚಲು ಕಟಿಂಗ್ ಪ್ಲೇಯರ್ ಬೇಕಾಗುವ ಹಾಗೆ. ಬಸ್ಸಿನ ಬ್ಯಾಟರಿ ವೈರು ತೆಗೆದು ಇಳಿ. ನಿಧಾನವಾದರೆ ಆಗಲಿ. ಒಬ್ಬಳೇ ನಡೆಯಬೇಡ.

ದೂರು ಕೊಟ್ಟದ್ದು ಸರಿ. ನನಗೆ ಸಿಟ್ಟಿಲ್ಲ.

ಆ ನಾಲ್ಕನೇ ಸಾಲು ನಿನ್ನನ್ನೇ ನೋಡಿ ಬರೆದದ್ದು ಎಂದು ಖಂಡಿತವೇ? ಬೋರ್ಡಿನ ಬಗ್ಗೆ ಅಷ್ಟೇ ಯೋಚಿಸಿ, ಯಾರೋ, ನಿನ್ನ ಸಂಗತಿ ಏನೂ ತಿಳಿಯದೆ ಬರೆದಿರಬಹುದಲ್ಲ. ಸುಮ್ಮನೆ ಕೇಳಿದೆ.

ಪೇಂಟರ್ ಒಳ್ಳೆಯ ಹುಡುಗ. ಮಾತು ಬಿಡಬೇಡ.

ಮಾವ


ಜುಲೈ 6

ಮಾವ,

ಅಷ್ಟೇಯೇ? ಒಂದೂವರೆ ಪುಟ ಬೋಳುತಲೆಯ ಪದ್ಯಕ್ಕೆ, ಅರ್ಧ ಪುಟ ನನಗೆ. ನಿಮಗೆ ಹುಷಾರಿಲ್ಲವೇ? ಇಲ್ಲ, ಬೋರ್ಡಿನ ಸಿಟ್ಟು ಒಳಗೇ ಇದೆಯೇ? ಇದ್ದರೆ ಬೈದುಬಿಡಿ.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದಾರೆ. ವಯಸ್ಸಾದ ಹೆಂಗಸು, ಮೆಲ್ಲಗೆ ಮಾತಾಡುತ್ತಾರೆ. ಸೊಟ್ಟ ಅಕ್ಷರದ ಮೂರು ಸಾಲು ಯಾರದೆಂದು ಪತ್ತೆಯಿಲ್ಲ. ಗುರುತು ಸಿಕ್ಕಿದ ಅಕ್ಷರ ಒಂದೇ. ಪೇಂಟರನನ್ನು ಅಮಾನತು ಮಾಡಿದ್ದಾರೆ. ನಾಲ್ಕೂ ಅವನ ತಲೆಗೇ ಕಟ್ಟುತ್ತಾರೆ ಎನ್ನುತ್ತಾರೆ. ಅಧಿಕಾರಿ ಅವನನ್ನು ಮೂರು ಸಲ ಕೇಳಿದರಂತೆ, ಹೊರಗಿನಿಂದ ಬಂದ ಕಾರ್ಡೇ, ಯಾರದು ಎಂದು. "ಬೋರ್ಡು ನೀವು ತೆಗೆಸಿ ಮೇಡಂ, ಹೆಸರು ಮಾತ್ರ ಕೇಳಬೇಡಿ" ಎಂದನಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದಾರೋ ಏನೋ ಎಂದು ನನಗೆ ಈಗ ಅನುಮಾನ. ಆದರೂ ಹೋಗಿ ಮಾತಾಡಿಸಲು ಧೈರ್ಯವಿಲ್ಲ. ಅವನೇ ಆಗಿದ್ದರೆ?

ಡ್ರೈವರ್ ಸೀಟು ಈಗ ಖಾಲಿ. ಬಿಲ್ಲೆಯನ್ನು ತಂತಿಯಲ್ಲಿ ಕಟ್ಟಿದೆ. ಬ್ಯಾಟರಿ ವೈರು ತೆಗೆದದ್ದಕ್ಕೆ ಮೇಲ್ವಿಚಾರಕರು, "ಒಂದು ಬೆಲ್ಟಿಗೆ ಅರ್ಧ ದಿನಾನಾ, ಹಿಂಗಾದ್ರೆ ನಿನ್ನ ಮೇಲೇ ರಿಪೋರ್ಟು" ಎಂದರು. ಅದನ್ನು ಬಿಟ್ಟುಬಿಟ್ಟೆ. ದೂರು ಕೊಟ್ಟ ಮೇಲೆ ಯಾರೂ ನನ್ನ ಹತ್ತಿರ ಮಾತಾಡುವುದಿಲ್ಲ. ಒಂದು ಮಾತು ತಪ್ಪಿದರೆ ಇವಳು ಜೈಲಿಗೆ ಕಳಿಸುತ್ತಾಳೆ ಎನ್ನುತ್ತಾರಂತೆ. ಹತ್ತು ಎಂಎಂ ಕೊಡು ಎಂದರೂ ಸ್ಪ್ಯಾನರ್ ನೆಲದ ಮೇಲಿಟ್ಟು ಕಾಲಲ್ಲಿ ತಳ್ಳುತ್ತಾರೆ. ಅವರಿಗೆ ನನ್ನ ಭಯ, ನನಗೆ ಅವರ ಭಯ. ಇಡೀ ವರ್ಕ್‌ಶಾಪಿನಲ್ಲಿ ರೇಡಿಯೋ ಬಿಟ್ಟರೆ ಸದ್ದಿಲ್ಲ.

ಒಂದು ಉಪಕಾರ ಮಾಡಿ ಮಾವ. ನಿವೃತ್ತರೆಲ್ಲರ ಮಾತಿನ ಧಾಟಿ ನಿಮಗೆ ಗೊತ್ತು. ಆ ಸಾಲು ಯಾರದ್ದಿರಬಹುದು? ನಿಮ್ಮನ್ನು ಬಿಟ್ಟರೆ ನನಗೆ ಕೇಳಲು ಯಾರೂ ಇಲ್ಲ. ಹೆಸರೊಂದು ಗೊತ್ತಾದರೆ, ಹೆದರುವುದಕ್ಕೆ ಒಂದು ಮುಖವಾದರೂ ಸಿಗುತ್ತದೆ. ಈಗ ಮೂವತ್ತು ಮುಖಗಳಿಗೆ ಹೆದರುತ್ತಿದ್ದೇನೆ.

ಗುಬ್ಬಿ


ಜುಲೈ 12

ಗುಬ್ಬೀ,

ಯೋಚಿಸಿದೆ. ನೆಗಡಿ, ಮೂಗು ಎಂದೆಲ್ಲ ಗಾದೆ ಹಚ್ಚಿ ಬರೆಯುವ ಚಟ ಹಳೇ ಸ್ಟೋರ್ ಕೀಪರನಿಗೆ ಇತ್ತು. ಅವನದೇ ಇರಬಹುದು. ಅವನು ಹೋದ ತಿಂಗಳ ಕೊನೆಗೆ ತೀರಿಕೊಂಡನಂತೆ. ಇನ್ನು ಅವನಿಗೆ ಹೆದರಬೇಕಾಗಿಲ್ಲ.

ಪೇಂಟರನ ವಿಷಯ ನ್ಯಾಯವಾಗಿ ಇತ್ಯರ್ಥವಾಗುತ್ತದೆ, ಬಿಡು.

ಬ್ಯಾಟರಿ ವೈರು ತೆಗೆಯುವುದನ್ನು ಬಿಡಬೇಡ. ಮೇಲ್ವಿಚಾರಕ ಏನಾದರೂ ಹೇಳಲಿ. ಇದೊಂದು ಮಾತು ಕೇಳು.

ಮಾವ


ಜುಲೈ 20

ಗುಬ್ಬೀ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಬಂದ ಮೇಲೆ ಧೈರ್ಯವಾಗದಿದ್ದರೆ ಎಂದು.

ಸ್ಟೋರ್ ಕೀಪರ್ ಜೀವಮಾನದಲ್ಲಿ ಒಂದು ಕಾರ್ಡೂ ಬರೆದವನಲ್ಲ. ಸತ್ತವನ ಮೇಲೆ ಹಾಕಿದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡೆ. ಆ ಸಾಲು ನನ್ನದು.

ಜೂನ್ ಹತ್ತರಂದು ನಿನಗೆ ಕಾಗದ ಹಾಕಿದ ಡಬ್ಬಿಗೇ ಆ ಕಾರ್ಡನ್ನೂ ಹಾಕಿದೆ. ಕೈಕಟ್ಟಿ ಕೂರುವವನಲ್ಲ ಎಂದು ಬರೆದಿದ್ದೆನಲ್ಲ, ಅದು ಅದೇ. ಮನಸ್ಸು ನೊಂದವರು ಎಂದಾಗ ನನ್ನ ತಲೆಯಲ್ಲಿದ್ದದ್ದು ಮ್ಯಾನೇಜರ್. ಅವನು ಊಟದ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂತಿರುವುದನ್ನು ಕಲ್ಪಿಸಿಕೊಂಡು ಒಬ್ಬನೇ ನಕ್ಕೆ. ದೊಡ್ಡಮ್ಮನಿಗೂ ಓದಿ ಹೇಳಿದೆ. ಆ ಜಾಗದಲ್ಲಿ ನೀನು ಕೂತಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದು ನೆಪ. ಯಾರಿಗಾದರೂ ಹೆದರಿಕೆಯಾದರೆ ಏನು ಮಾಡುತ್ತಿದ್ದಿರಿ ಎಂದು ನೀನು ಸ್ಪಷ್ಟವಾಗಿ ಕೇಳಿದ್ದೆ. ನಾನು ನನ್ನ ಬೋಳುತಲೆಯ ಕಥೆ ಹೇಳಿದೆ.

ನಿನ್ನ ಜೂನ್ ಇಪ್ಪತ್ನಾಲ್ಕರ ಕಾಗದದಲ್ಲಿ ನನ್ನದೇ ಮಾತು ಓದಿದಾಗ, ದೊಡ್ಡಮ್ಮನ ಕೈಗೆ ಸಿಗದ ಹಾಗೆ ಕಾಗದ ಮಡಚಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನಿನ್ನನ್ನೇ ನೋಡಿ ಬರೆದದ್ದು ಖಂಡಿತವೇ ಎಂದು ಕೇಳಿದೆ. ನೀನು ಪತ್ತೆ ಹಚ್ಚಿಬಿಡುತ್ತೀಯ ಎಂದು ಹೆದರಿದ್ದೆ. ನೀನು ಹಚ್ಚಲಿಲ್ಲ. ನನ್ನ ಮೇಲೆ ನಿನಗೆ ಅಷ್ಟು ನಂಬಿಕೆ ಇದ್ದದ್ದೇ ನನಗೆ ಅನುಕೂಲವಾಯಿತು.

ಹೆದರಿಕೆ ಯಾವುದಕ್ಕೆ ಎಂದು ಕೇಳಿಕೊಂಡೆ. ವಿಚಾರಣೆಗೆ ಸ್ವಲ್ಪ ಹೆದರಿದೆ. ಹೆಚ್ಚು ಹೆದರಿದ್ದು ನೀನು ಕಾಗದ ಬರೆಯುವುದನ್ನು ನಿಲ್ಲಿಸುತ್ತೀಯ ಎಂದು. ಎಲ್ಲರಿಗಿಂತ ಹೆಚ್ಚು ಹೆದರಿಕೆ ಅವನದೇ ಎಂದು ನೀನು ಬರೆದಿದ್ದೆ. ಆ ಮಾತು ಓದಿದ ಮೇಲೆ, ಅವನು ನಾನೇ ಎಂದು ಹೇಗೆ ಹೇಳಲಿ?

ಮೊನ್ನೆ ದೊಡ್ಡಮ್ಮ ಕೇಳಿದಳು, "ಯಾಕೋ, ಹದಿನೈದು ದಿನದಿಂದ ಮುಖ ಗಂಟು ಹಾಕ್ಕೊಂಡಿದ್ದೀಯಾ?" ಹೇಳಿದೆ. ಅವಳು ಬೈಯಲಿಲ್ಲ. "ಆ ಪೇಂಟರ್ ಹುಡುಗ ನಿನ್ನ ಹೆಸರು ಹೇಳ್ದೆ ಕೆಲಸ ಕಳ್ಕೋತಾ ಇದ್ದಾನೆ. ಅವನು ಬಾಯಿ ಮುಚ್ಚಿದ್ದು ಮರ್ಯಾದೆ. ನೀನು ಮುಚ್ಚಿದ್ದು ಏನು?" ಎಂದಳು.

ವಿಚಾರಣಾಧಿಕಾರಿಗೆ ಇವತ್ತೇ ಬರೆದಿದ್ದೇನೆ. ನಾಲ್ಕನೇ ಸಾಲು ನನ್ನದು, ಪೇಂಟರ್ ನಿಯಮದಂತೆ ನಕಲು ಮಾಡಿದ್ದಾನೆ ಅಷ್ಟೇ ಎಂದು. ಕೆಳಗೆ ಸಹಿ ಹಾಕಿ, 41 ಎಂದೂ ಬರೆದೆ. ಮೂವತ್ತು ವರ್ಷದಲ್ಲಿ ಆ ಬೋರ್ಡಿನ ಒಂದು ಸಾಲಿಗೆ ಹೆಸರು ಬಿದ್ದದ್ದು ಇದೇ ಮೊದಲು, ಅದೂ ಹೆಸರು ಬೇಡ ಎಂದು ಹಟ ಹಿಡಿದವನದೇ.

ನನಗಾಗಿ ದೂರು ಹಿಂತೆಗೆಯಬೇಡ. ಅದನ್ನು ತೆಗೆದರೆ ಬಿಲ್ಲೆ ಕದ್ದವನೂ ತಪ್ಪಿಸಿಕೊಳ್ಳುತ್ತಾನೆ. ಕಾನೂನಿನ ಬಗ್ಗೆ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ, ಸುಳ್ಳು ಏಕೆ ಹೇಳಲಿ. ಆದರೆ ಶಿಕ್ಷೆ ಎಂದರೆ ಅನುಭವಿಸುತ್ತೇನೆ. ಮೊದಲು ಪೇಂಟರನ ಮನೆಗೆ ಹೋಗು. ಅವನನ್ನು ಕರೆದುಕೊಂಡು ಬಂದು ಆ ಸೀಟಿನಲ್ಲಿ ಕೂರಿಸು. ಅಲ್ಲಿಯವರೆಗೆ ಗುಂಡಿಗೆ ಇಳಿಯಬೇಡ.

ಮಾವ


ಆಗಸ್ಟ್ 9

ಮಾವ,

ಅಕ್ಷರ ನೋಡಿ ಗಾಬರಿಯಾಗಬೇಡಿ. ಇದನ್ನು ಪೇಂಟರ್ ಬರೆಯುತ್ತಿದ್ದಾನೆ, ನಾನು ಹೇಳುತ್ತಿದ್ದೇನೆ.

ನಿಮ್ಮ ಕಾಗದ ಜುಲೈ ಇಪ್ಪತ್ನಾಲ್ಕಕ್ಕೆ ಬಂತು. ನಾನು ಅದಕ್ಕೆ ಎರಡು ದಿನ ಮೊದಲು ಗುಂಡಿಗೆ ಇಳಿದಿದ್ದೆ. ಊಟದ ಹೊತ್ತು, ಎಲ್ಲರೂ ಒಳಗಿದ್ದರು. ಫ್ಯಾನ್ ಬೆಲ್ಟ್ ಬಿಗಿ ಮಾಡುತ್ತಿದ್ದೆ, ರಿಪೋರ್ಟಿಗೆ ಹೆದರಿ ಬ್ಯಾಟರಿ ವೈರು ತೆಗೆದಿರಲಿಲ್ಲ. ತಂತಿ ಕತ್ತರಿಸಿದ ಸದ್ದು ಕೇಳಿಸಿತು. ಅದು ಏನೆಂದು ತಲೆಗೆ ಹೋಗುವಷ್ಟರಲ್ಲಿ ಎಂಜಿನ್ ಚಾಲೂ ಆಯಿತು. ಒಂದು ಕ್ಷಣ, ಆಮೇಲೆ ನಿಂತಿತು. ಯಾರೋ ಇಳಿದು ಓಡಿದರು. ಬಲಗೈಯ ಎರಡು ಬೆರಳು ಹೋಗಿವೆ. ಮೂರನೆಯದು ಉಳಿಯಬಹುದು ಎನ್ನುತ್ತಾರೆ ಡಾಕ್ಟರು. ಯಾರು ಎಂದು ಇನ್ನೂ ಗೊತ್ತಾಗಿಲ್ಲ. ಮೂವತ್ತು ಜನರೂ ಊಟ ಮಾಡುತ್ತಿದ್ದೆವು ಎನ್ನುತ್ತಾರೆ.

ಹೆದರಿಸಲು ಮಾಡಿದ್ದಿರಬೇಕು, ಬೆರಳಿನವರೆಗೆ ಹೋಗುತ್ತದೆ ಎಂದು ಅವರೂ ಅಂದುಕೊಂಡಿರಲಿಕ್ಕಿಲ್ಲ ಎಂದು ಅಧಿಕಾರಿ ಹೇಳಿದರು. ಈ ಮಾತು ನನಗೆ ಬಹಳ ಸಲ ಕೇಳಿದ ಹಾಗಿದೆ. ಯಾರೂ ಏನೂ ಅಂದುಕೊಂಡಿರುವುದಿಲ್ಲ.

ನಿಮ್ಮ ಕಾಗದವನ್ನು ಆಸ್ಪತ್ರೆಯಲ್ಲಿ ಎಡಗೈಯಲ್ಲಿ ಹಿಡಿದು ಓದಿದೆ. ಹರಿಯಬೇಕೆನಿಸಿತು. ಒಂದೇ ಕೈಯಲ್ಲಿ ಹರಿಯಲು ಬರಲಿಲ್ಲ. ಹದಿನೈದು ದಿನ ನಿಮಗೆ ಬರೆಯಬಾರದೆಂದೇ ಇದ್ದೆ.

ನಾಲ್ಕನೇ ಸಾಲನ್ನು ದೂರಿನಿಂದ ತೆಗೆಸಿದ್ದೇನೆ. ನೀವು ಮಾವ ಎಂದಲ್ಲ. ನಿಮ್ಮ ಕಾಗದ ಬರುವ ಮೊದಲೇ ಅಧಿಕಾರಿ ಆಸ್ಪತ್ರೆಗೆ ಬಂದು ಕೇಳಿದ್ದರು, ಈ ನಾಲ್ಕರಲ್ಲಿ ನಿನ್ನ ಬೆರಳು ತೆಗೆದದ್ದು ಯಾವುದು ಎಂದು. ಮೂರನ್ನು ತೋರಿಸಿದೆ. ನಾಲ್ಕನೆಯದನ್ನು ಬರೆದವನ ಜೊತೆ, ಅವನು ಯಾರೇ ಆಗಲಿ, ಎದುರು ಕೂತು ಜಗಳ ಆಡಬಹುದು ಎನಿಸಿತು. ತಂತಿ ಕತ್ತರಿಸಿದವನ ಜೊತೆ ಜಗಳ ಆಡಲು ಆಗುವುದಿಲ್ಲ. ಕಾನೂನು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿದೆ, ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಆ ಹಾಳೆ ಇಲ್ಲದಿದ್ದರೆ ಆ ಹೆಂಗಸು ನನ್ನ ಮಂಚದ ಪಕ್ಕ ಬಂದು ಕೂರುತ್ತಿರಲಿಲ್ಲ. ಅದನ್ನೂ ಯೋಚಿಸಿ.

ನಿಮ್ಮ ಸಾಲಿಗೆ ನಿಮ್ಮನ್ನು ಕ್ಷಮಿಸುವುದು ಕಷ್ಟವಲ್ಲ. ನನ್ನ ಕಾಗದ ನಿಮ್ಮ ಕೈ ಸೇರಿದ ಮೇಲೆ ಮೂರು ವಾರ ಇತ್ತು ಮಾವ. ಆ ಮೂರು ವಾರ ಡ್ರೈವರ್ ಸೀಟು ಖಾಲಿ ಇತ್ತು. ಅಲ್ಲಿ ಕೂರಬೇಕಾದವನು ನಿಮ್ಮ ಹೆಸರು ಹೇಳದೆ ಮನೆಯಲ್ಲಿ ಕೂತಿದ್ದ. ಮಾತಾಡುವ ಹಕ್ಕಿಗೆ ಹದಿನಾರು ದಿನ ರಸ್ತೆಯಲ್ಲಿ ಕೂತವರು ನೀವು. ನನಗೆ ಒಂದು ಸಾಲು ಬರೆಯಲಿಲ್ಲ. ಸುಮ್ಮನಿದ್ದದ್ದಕ್ಕೆ ಯಾವ ಕಾನೂನಿನಲ್ಲೂ ಶಿಕ್ಷೆ ಇಲ್ಲವಂತೆ, ಕೇಳಿದೆ.

ಪೇಂಟರನನ್ನು ವಾಪಸು ತೆಗೆದುಕೊಂಡಿದ್ದಾರೆ. ಬೋರ್ಡು ಇನ್ನೂ ಗೋಡೆಯ ಮೇಲೇ ಇದೆ, ಖಾಲಿಯಾಗಿ. ಯಾರೂ ಬರೆಯುತ್ತಿಲ್ಲ. ನಾನು ಗೆದ್ದೆ ಎಂದು ನಿಮಗೆ ಅನಿಸಿದರೆ, ಇಲ್ಲ. ಆ ಖಾಲಿ ಬೋರ್ಡು ನೋಡಿದರೆ ಇನ್ನೂ ಹೆಚ್ಚು ಹೆದರಿಕೆಯಾಗುತ್ತದೆ ಎಂದು ಇವನು ಬಂದು ಹೇಳಿದ.

ಅಕ್ಟೋಬರಿನಲ್ಲಿ ಕೆಲಸಕ್ಕೆ ಬರಬಹುದು ಎಂದಿದ್ದಾರೆ. ಗುಂಡಿಯ ಕೆಲಸ ಬೇಡ, ಸ್ಟೋರಿಗೆ ಹಾಕುತ್ತೇವೆ ಎಂದರು. ಸ್ಟೋರು ಬೇಡ, ಗುಂಡಿಯೇ ಇರಲಿ ಎಂದೆ. ಹೆದರಿಕೆ ಹೋಗಿಲ್ಲ. ಈಗಲೂ ಬಸ್ಸಿನ ಸದ್ದು ಕೇಳಿದರೆ ಇಲ್ಲದ ಬೆರಳು ನೋಯುತ್ತದೆ.

ನೀವು ಬನ್ನಿ. ಮಂಡಿನೋವು ಇದ್ದರೆ ಇರಲಿ. ಮೊದಲ ದಿನ ನಾನು ಕೆಳಗೆ ಇಳಿಯುವಾಗ ಡ್ರೈವರ್ ಸೀಟಿನಲ್ಲಿ ನೀವೇ ಕೂರಬೇಕು. ಏನೂ ಬರೆಯಬೇಡಿ, ಯಾರಿಗೂ ಕಾರ್ಡು ಹಾಕಬೇಡಿ. ನಾನು ಮೇಲೆ ಬರುವವರೆಗೆ ಏಳದೆ ಕೂತಿರಿ. ಕೆಳಗಿನಿಂದ ಆಗಾಗ ಕೂಗುತ್ತೇನೆ. ಪ್ರತಿ ಸಲವೂ ಇದ್ದೇನೆ ಎಂದು ಉತ್ತರ ಕೊಡಿ.

ಗುಬ್ಬಿ

ಮೇಸ್ತ್ರಿಗಳಿಗೆ ಪೇಂಟರನ ನಮಸ್ಕಾರ. ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ, ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ. ನಿಮ್ಮ ಕಾರ್ಡನ್ನೂ ಹೀಗೆಯೇ ಬರೆದಿದ್ದೆ.